ಕಿತ್ತೆಸೆಯುವ ಬಟ್ಟೆಯ ಹುಚ್ಚು

ಬೈಲಹೊಂಗಲದ ಬಟ್ಟೆ ಅಂಗಡಿಯಲ್ಲಿ ಎರಡು ಮೀಟರ್ ಲೈನಿಂಗ್ ಬಟ್ಟೆ ಕೇಳಿ, ಕೊಳ್ಳುವ ಮೊದಲು ಅದರ ಒಂದೆಳೆ ಕಿತ್ತು ಕಡ್ಡಿ ಗೀರಿ ಸುಡುವ ಗಿರಾಕಿಯನ್ನು ಅಂಗಡಿಯವರು ಅನುಮಾನದಿಂದ ನೋಡಿದರೆ ತಪ್ಪಿಲ್ಲ. ಎಳೆ ಉರಿದು ಬೂದಿಯಾದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಇಲ್ಲವೇ ನೈಲಾನ್. ಈ ಹವ್ಯಾಸದವರಿಗೆ ಬೇಕಾದದ್ದು ಎರಡನೆಯದು. ಅವರು ಅದನ್ನು ಹೊಲಿಸುವುದಿಲ್ಲ, ತೊಡುವುದಿಲ್ಲ. ರಾಳದ ಮೇಲೆ ಒಂದು ರಾತ್ರಿ ಹಾಸಿಟ್ಟು, ಮರುದಿನ ಪರ್ರನೆ ಕಿತ್ತು ಎಸೆಯುತ್ತಾರೆ.

ಹಿಮದ ಮೇಲೆ ಜಾರುವ ಸ್ಕೀಗಳನ್ನು ಮನೆಯಲ್ಲೇ ಮಾಡಿಕೊಳ್ಳುವ ಕಸುಬಿನಲ್ಲಿ ಇಂಥ ಎಸೆಯುವ ಸಾಮಾನುಗಳದೇ ದರ್ಬಾರು. ಸ್ಕೀಯಲ್ಲಿ ಕೊನೆಗೆ ಉಳಿಯುವ ವಸ್ತುಗಳು ಕೆಲವೇ: ಅಡಿಗೆ ಜಾರುವ ಪಾಲಿಥಿನ್ ಪಟ್ಟಿ, ಅಂಚಿಗೆ ಉಕ್ಕು, ನಡುವೆ ಮರದ ಅಥವಾ ಬಿದಿರಿನ ತಿರುಳು, ಅದರ ಮೇಲೆ ಕೆಳಗೆ ಗಾಜಿನ ನಾರಿನ ಬಟ್ಟೆ, ಎಲ್ಲವನ್ನೂ ಬೆಸೆಯುವ ಎಪಾಕ್ಸಿ ರಾಳ. ಇವನ್ನು ಒತ್ತಿ ಹಿಡಿಯಲು ಬಡಗಿಯ ಸಿ-ಕ್ಲ್ಯಾಂಪು ಸಾಲದು. ಅದು ಹಿಡಿದ ಕಡೆ ಮಾತ್ರ ಒತ್ತುತ್ತದೆ. ಸ್ಕೀಯ ತುದಿ ಮೇಲಕ್ಕೆ ಬಾಗಿರಬೇಕು, ನಡು ತುಸು ಕಮಾನಾಗಿರಬೇಕು. ಹಾಗಾಗಿ ಎಲ್ಲವನ್ನೂ ಅಚ್ಚಿನ ಮೇಲೆ ಪೇರಿಸಿ, ಪ್ಲಾಸ್ಟಿಕ್ ಚೀಲದೊಳಗೆ ಮುಚ್ಚಿ, ಒಳಗಿನ ಗಾಳಿಯನ್ನು ಪಂಪಿನಿಂದ ಎಳೆಯುತ್ತಾರೆ. ಮುಂದಿನ ಕೆಲಸ ಹೊರಗಿನ ವಾತಾವರಣದ್ದು. 175 ಸೆಂ.ಮೀ. ಉದ್ದ, ಸರಾಸರಿ 10 ಸೆಂ.ಮೀ. ಅಗಲದ ಸ್ಕೀ ಮೇಲೆ ಸುಮಾರು ಒಂದೂವರೆ ಟನ್ ಭಾರ ಬೀಳುತ್ತದೆ. ಅದಕ್ಕೆ ಬಾಡಿಗೆಯೂ ಇಲ್ಲ.

ಇಲ್ಲೊಂದು ತಮಾಷೆಯಿದೆ. ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಇಳಿಯುತ್ತದೆ. ಸಮುದ್ರಮಟ್ಟದಿಂದ ಆರುನೂರು ಮೀಟರ್ ದಾಟಿದ ಬೈಲಹೊಂಗಲ, ಸಂಗೊಳ್ಳಿಯ ಸೀಮೆಯಲ್ಲಿ ಕಡಲತೀರದ ಒತ್ತಡದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಸಿಗುತ್ತದೆ. 2,650 ಮೀಟರ್ ಎತ್ತರದ ಗುಲ್ಮಾರ್ಗ್‌ನಲ್ಲಿ ಮುಕ್ಕಾಲು ಪಾಲು ಸಿಕ್ಕರೆ ಹೆಚ್ಚು. ಅಂದರೆ ಹಿಮ ಬೀಳುವ ಊರಿಗಿಂತ ಮಲಪ್ರಭೆಯ ದಂಡೆಯಲ್ಲೇ ಸ್ಕೀ ಗಟ್ಟಿಯಾಗಿ ಒತ್ತಿಸಿಕೊಳ್ಳುತ್ತದೆ! ಕನ್ನಡದವರಿಗೆ ಸ್ಕೀ ಯಾಕೆ ಎನ್ನುವವರು ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರನ್ನು ನೆನೆಯಬೇಕು. ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು ಅವರು.

ಈ ಚೀಲದ ವಿದ್ಯೆ ಸ್ಕೀಗೆ ಬಂದದ್ದು ವಿಮಾನದವರಿಂದ. ಬಾಲ್ಟಿಮೋರ್‌ನ ಮಾರ್ಟಿನ್ ವಿಮಾನ ಕಾರ್ಖಾನೆಯಲ್ಲಿದ್ದ ಎಂಜಿನಿಯರ್ ಹೊವರ್ಡ್ ಹೆಡ್ 1947ರಲ್ಲಿ ಮೊದಲ ಬಾರಿ ಸ್ಕೀ ತೊಟ್ಟು, ಆ ಭಾರದ ಮರದ ಹಲಗೆಗಳನ್ನು ಬೈದುಕೊಂಡೇ ವಾಪಸಾದ. ಅಲ್ಯೂಮಿನಿಯಂ ಹಾಳೆಗಳ ನಡುವೆ ಹಗುರ ತಿರುಳಿಟ್ಟು, ರಬ್ಬರ್ ಚೀಲಕ್ಕೆ ಹಾಕಿ, ಗಾಳಿ ಎಳೆದು, ಚೀಲವನ್ನು ಕಾದ ಎಂಜಿನ್ ಆಯಿಲ್‌ನ ತೊಟ್ಟಿಯಲ್ಲಿ ಮುಳುಗಿಸಿ ಅಂಟು ಗಟ್ಟಿಮಾಡಿದ. ಸ್ಕೀ ಕರಿದನೆಂದರೂ ನಡೆಯುತ್ತದೆ. ಮೊದಲ ಆರು ಜೋಡಿಗಳಲ್ಲಿ ಒಂದೂ ಪರೀಕ್ಷೆಯಲ್ಲಿ ಉಳಿಯಲಿಲ್ಲ, ಎಲ್ಲ ಮುರಿದವು. ಆದರೂ ಆತ ಪಟ್ಟು ಬಿಡಲಿಲ್ಲ. ಇಂದು ಟೆನಿಸ್ ರ‍್ಯಾಕೆಟ್‌ಗಳ ಮೇಲೆ ಕಾಣುವ ‘ಹೆಡ್’ ಅವನದೇ ಹೆಸರು.

ನಮ್ಮ ರಾಜ್ಯದಲ್ಲಿ ಈ ವಿದ್ಯೆಯ ತವರು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಎನ್‌ಎಎಲ್. ಅಲ್ಲಿ ರೂಪುಗೊಂಡು 1993ರಲ್ಲಿ ಮೊದಲು ಹಾರಿದ ಎರಡು ಸೀಟಿನ ‘ಹಂಸ’ ತರಬೇತಿ ವಿಮಾನದ ಒಡಲು ನಾರು-ರಾಳದ್ದು. ಹಸಿ ರಾಳದಲ್ಲಿ ತೋಯಿಸಿದ ಬಟ್ಟೆಯನ್ನು ಅಚ್ಚಿನ ಮೇಲೆ ಹಾಸಿ, ವ್ಯಾಕ್ಯೂಮ್ ಚೀಲದಲ್ಲಿ ಒತ್ತಿ, ಭಾರೀ ಕುಲುಮೆಯಿಲ್ಲದೆ ಗಟ್ಟಿಗೊಳಿಸುವ ಅಗ್ಗದ ದಾರಿಯನ್ನು ಅವರು ಹಿಡಿದರು. ಮನೆಯಲ್ಲಿ ಸ್ಕೀ ಮಾಡುವವರು ಅನುಸರಿಸುವುದೂ ಇದೇ ದಾರಿ.

ಚೀಲ ಕಟ್ಟುವ ಕ್ರಮದಲ್ಲಿ ಮೊದಲು ಬರುವುದು ಅಂಗಡಿಯಲ್ಲಿ ಸುಟ್ಟು ನೋಡಿದ ಆ ಬಟ್ಟೆ. ಅದು ರಾಳಕ್ಕೆ ತಾಗಿ ಕೂರುತ್ತದೆ; ಕಿತ್ತಾಗ ಮೇಲ್ಮೈ ಸಣ್ಣಗೆ ಒರಟಾಗಿ, ಮುಂದಿನ ಪದರ ಹಿಡಿಯಲು ಸಿದ್ಧವಾಗಿರುತ್ತದೆ. ಹತ್ತಿ ಹಾಕಿದರೆ ಅದು ರಾಳ ಕುಡಿದು ಸ್ಕೀಯ ಭಾಗವೇ ಆಗಿಬಿಡುತ್ತದೆ. ನೀರು ನಿಲ್ಲದಂತೆ ಸಿಲಿಕೋನ್ ಸವರಿದ ಕೊಡೆಬಟ್ಟೆಯೂ ಬೇಡ: ಅದರ ಜಿಡ್ಡು ಉಳಿದು ಮುಂದಿನ ಅಂಟು ಹಿಡಿಯುವುದಿಲ್ಲ. ಕಿತ್ತೆಸೆಯುವ ಬಟ್ಟೆಯ ಮೇಲೆ ಸೂಜಿತೂತುಗಳ ತೆಳು ಪ್ಲಾಸ್ಟಿಕ್. ಹೆಚ್ಚಾದ ರಾಳ ಅದರಿಂದ ಮೇಲೇರುತ್ತದೆ. ಆಮೇಲೆ ರಜಾಯಿಯೊಳಗೆ ತುಂಬುವಂಥ ಪಾಲಿಯೆಸ್ಟರ್ ಹಾಸು. ಅದು ರಾಳ ಹೀರುವುದಷ್ಟೇ ಅಲ್ಲ, ಚೀಲ ಬಿಗಿದು ಕೂತ ಮೇಲೂ ಮೂಲೆಮೂಲೆಯ ಗಾಳಿ ಪಂಪಿನ ಕಡೆ ಹರಿಯಲು ದಾರಿ ಬಿಡುತ್ತದೆ. ಜಿಪುಣರು ಹಳೆಯ ಬ್ಲಾಂಕೆಟ್ ಹಾಕುತ್ತಾರೆ, ಕೆಲಸ ನಡೆಯುತ್ತದೆ.

ಎಲ್ಲಕ್ಕೂ ಮೇಲೆ ಚೀಲ. ಪಾಲಿಥಿನ್ ಅಗ್ಗ, ಮಾಮೂಲಿ ಸೆಖೆಗೆ ಸಾಕು. ಇದಕ್ಕೆಂದೇ ಬರುವ ನೈಲಾನ್ ಹಾಳೆ ಚೆನ್ನಾಗಿ ಹಿಗ್ಗುತ್ತದೆ; ಆದರೆ ಅದರ ಮೆದುವು ಗಾಳಿಯ ತೇವದ ಮೇಲೆ ನಿಂತಿದೆ. ಮಾರ್ಚ್ ತಿಂಗಳ ಸವದತ್ತಿ ಕಡೆಯ ಒಣಗಾಳಿಗೆ ಬಿಚ್ಚಿಟ್ಟರೆ ಗರಗರ ಎಂದು ಸಿಡುಕಿ ಮಡಿಕೆಯಲ್ಲೇ ಸೀಳುತ್ತದೆ. ಅಂಚಿಗೆ ಹಿಟ್ಟಿನಂತೆ ಮೆದುವಾದ ಬ್ಯೂಟೈಲ್ ಪಟ್ಟಿ. ಹಾಳೆಯನ್ನು ಅಳತೆಗೆ ಸರಿಯಾಗಿ ಕತ್ತರಿಸುವುದು ಹೊಸಬರ ಚಾಳಿ. ಉಬ್ಬುತಗ್ಗುಗಳಲ್ಲಿ ಅದು ಸೇತುವೆಯಾಗಿ ನಿಂತು ಒತ್ತುವುದನ್ನೇ ಬಿಡುತ್ತದೆ. ಸೀರೆಗೆ ಬಿಟ್ಟಂತೆ ನೆರಿಗೆ ಬಿಡಬೇಕು, ನೆರಿಗೆಯ ಬಾಯಿಗೂ ಪಟ್ಟಿ ಮೆತ್ತಬೇಕು.

ಪಂಪಿಗೆ ದೊಡ್ಡ ದುಡ್ಡು ಬೇಕಿಲ್ಲ. ಗುಜರಿಗೆ ಬಿದ್ದ ಫ್ರಿಜ್ಜಿನ ಕಂಪ್ರೆಸರ್ ನಿಧಾನವಾಗಿ, ಆದರೆ ಚೆನ್ನಾಗಿ ಎಳೆಯುತ್ತದೆ. ಹಾಲು ಕರೆಯುವ ಯಂತ್ರದ ಪಂಪು ಅರ್ಧ ವಾತಾವರಣದ ಆಸುಪಾಸಿನ ನಿರ್ವಾತಕ್ಕೆ ತಯಾರಾದದ್ದು. ತೆಳು ಪದರಗಳಿಗೆ ಅಷ್ಟಿದ್ದರೂ ಸಾಕು. ಚೀಲಕ್ಕೂ ಪಂಪಿಗೂ ನಡುವೆ ಒಂದು ಗಟ್ಟಿ ಡಬ್ಬಿ ಮಾತ್ರ ಇರಲೇಬೇಕು. ಇಲ್ಲವಾದರೆ ರಾಳ ಕೊಳವೆ ಹಿಡಿದು ಪಂಪಿನೊಳಗೇ ಗಟ್ಟಿಯಾಗುತ್ತದೆ.

ಬೇಸಿಗೆಯಲ್ಲಿ ಈ ಕೆಲಸ ಬೆಳಕು ಹರಿಯುವ ಮುಂಚೆ ಶುರುವಾಗಬೇಕು. ಹತ್ತು ಡಿಗ್ರಿ ಏರಿದರೆ ಕಲಸಿದ ಎಪಾಕ್ಸಿಯ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಮಗ್ಗಿನಲ್ಲಿ ತುಂಬಿಟ್ಟ ರಾಳ ತನ್ನ ಕಾವಿಗೆ ತಾನೇ ಹೊಗೆಯಾಡುತ್ತದೆ. ಅಗಲ ತಟ್ಟೆಯಲ್ಲಿ ಹರಡಿಟ್ಟರೆ ತುಸು ಕಾಲ ತಾಳುತ್ತದೆ. ಮಳೆಗಾಲದ ತಕರಾರು ಬೇರೆ: ತಿರುಳಿನ ಮರ ತೇವ ಎಳೆದುಕೊಳ್ಳುತ್ತದೆ, ರಾಳದ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ದಿನಗಳೇ ಲೇಸು.

ಕೈ ಹಚ್ಚುವ ಮನಸ್ಸಿದ್ದವರು ಗಾಜಿನ ಬಟ್ಟೆಗೂ ರಾಳಕ್ಕೂ ದುಡ್ಡು ಸುರಿಯುವ ಮೊದಲು, ಎರಡು ಪ್ಲೈವುಡ್ ತುಂಡುಗಳ ಮೇಲೆ ಖಾಲಿ ಚೀಲ ಕಟ್ಟಿ ನೋಡಿ. ಗಾಳಿ ಎಳೆದು ವಾಲ್ವ್ ಮುಚ್ಚಿ, ಪಂಪ್ ಆಫ್ ಮಾಡಿ, ಗೇಜಿನ ಮುಳ್ಳು ನಿಂತ ಕಡೆ ಪೆನ್ನಿನಿಂದ ಗುರುತು ಹಾಕಿ. ಅರ್ಧ ಗಂಟೆಯಲ್ಲಿ ಮುಳ್ಳು ಜಾರಿದರೆ ಅಂಚಿಗೆ ಕಿವಿ ಕೊಟ್ಟು ಸುಯ್ಯೆನ್ನುವ ಕಡೆ ಹುಡುಕಿ, ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ. ಬಹುತೇಕ ಅದು ನೆರಿಗೆಯ ಬುಡದಲ್ಲೇ ಇರುತ್ತದೆ.