ಸಾಕೆನ್ನುವ ಕೆಟಲ್

ವರ್ತೂರಿನ ಬೆಳಗಿಗೆ ಅವಸರವೊಂದೇ ಗೊತ್ತು. ಕೋಡಿಯ ಕಡೆಯಿಂದ ವೈಟ್‌ಫೀಲ್ಡಿಗೆ ಹೊರಟ ಕಂಪನಿ ಬಸ್ಸುಗಳು, ನೀರಿನ ಟ್ಯಾಂಕರುಗಳು, ಜಲ್ಲಿ ಲಾರಿಗಳು ಒಂದರ ಬೆನ್ನಿಗೊಂದು ಹಾರನ್ ಹೊಡೆಯುತ್ತವೆ. ಇಂಥ ಊರಿನಲ್ಲಿ ಪಿಜಿಯ ಕಿಟಕಿಕಟ್ಟೆಯ ಮೇಲೋ ಬಾಡಿಗೆಮನೆಯ ಅಡುಗೆಕೋಣೆಯ ಮೂಲೆಯಲ್ಲೋ ಕೂತ ಎಲೆಕ್ಟ್ರಿಕ್ ಕೆಟಲನ್ನು ಎಲ್ಲರೂ ಮೆಚ್ಚುವುದು ಅದರ ಚುರುಕಿಗೆ. ನಾನು ಮೆಚ್ಚಿರುವುದು ಅದಕ್ಕೆ ನಿಲ್ಲುವುದು ಗೊತ್ತು ಎಂಬುದಕ್ಕೆ.

ಒಂದು ಲೀಟರ್ ನೀರು ತುಂಬಿ ಗುಂಡಿ ಒತ್ತಿದರೆ 1500 ವಾಟ್‌ನ ಕೆಟಲಿಗೆ ನಾಲ್ಕು ನಿಮಿಷ ಬೇಕು. ಈ ಹೊತ್ತಿಗೆ ನಾನು ‘ಕುದಿಗಾಲ’ ಎಂದು ಹೆಸರಿಟ್ಟಿದ್ದೇನೆ. ಮೊದಲು ಸದ್ದೇ ಇಲ್ಲ. ಆಮೇಲೆ ಸಣ್ಣಗೆ ಸುಯ್ಯೆನ್ನುತ್ತದೆ, ಬರಬರುತ್ತ ಮೊರೆಯುತ್ತದೆ. ಬಿಸಿಯಾದ ತಳದಲ್ಲಿ ಹುಟ್ಟಿದ ಗುಳ್ಳೆಗಳು ಮೇಲಿನ ತಣ್ಣೀರಿಗೆ ಸಿಕ್ಕು ಒಡೆಯುವ ಸದ್ದದು. ನೀರೆಲ್ಲ ಕಾದ ಮೇಲೆ ಮೊರೆತ ತಗ್ಗಿ ಗುಳುಗುಳು ಶುರುವಾಗುತ್ತದೆ. ಗದ್ದಲ ಅಡಗಿದಾಗಲೇ ನಿಜವಾದ ಕುದಿ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ನೀರು 97 ಡಿಗ್ರಿಗೇ ಕುದಿಯುತ್ತದೆ. ಮಂಗಳೂರಿನ ನೀರಿಗೆ ನೂರು ಮುಟ್ಟುವ ಹಟ, ನಮ್ಮದಕ್ಕೆ ಅದಿಲ್ಲ.

ಅಷ್ಟರಲ್ಲಿ ಟಕ್! ಹಬೆ ಒಳದಾರಿ ಹಿಡಿದು ಒಂದು ಪುಟ್ಟ ಬಿಲ್ಲೆಯನ್ನು ತಲುಪಿರುತ್ತದೆ. ಬೆನ್ನಿಗೆ ಬೆನ್ನು ಅಂಟಿಸಿದ ಎರಡು ಲೋಹಗಳ ಬಿಲ್ಲೆ ಅದು. ಕಾವಿಗೆ ಒಂದು ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಆ ಎಳೆದಾಟದಲ್ಲಿ ಬಿಲ್ಲೆ ಥಟ್ಟನೆ ಮಗುಚಿ ಕರೆಂಟನ್ನು ಕಡಿಯುತ್ತದೆ. ನನ್ನ ಲೆಕ್ಕದಲ್ಲಿ ಅದು ‘ಸಾಕುಬಿಲ್ಲೆ’. ಮುಚ್ಚಳ ತೆರೆದಿಟ್ಟರೆ ಹಬೆ ಹೊರಗೇ ಹೋಗಿ, ಪಾಪ, ಬಿಲ್ಲೆಗೆ ಸುದ್ದಿಯೇ ಮುಟ್ಟುವುದಿಲ್ಲ.

ಈ ‘ಸಾಕು’ ಕಲಿಯಲು ಕೆಟಲಿಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. 1890ರ ದಶಕದಲ್ಲಿ ಇಂಗ್ಲೆಂಡಿನ ಕ್ರಾಂಪ್ಟನ್ ಕಂಪನಿ (ನಮ್ಮ ಫ್ಯಾನುಗಳ ಮೇಲೆ ಇಂದಿಗೂ ಕಾಣುವ ಹೆಸರು) ಮಾರಿದ ಕೆಟಲುಗಳಲ್ಲಿ ಬಿಸಿಮಾಡುವ ಕಾಯಿಲ್ ನೀರಿನಿಂದ ಬೇರೆಯಾಗಿತ್ತು, ಹಾಗಾಗಿ ಕಾಯುವುದು ನಿಧಾನ. 1922ರಲ್ಲಿ ಬರ್ಮಿಂಗ್‌ಹ್ಯಾಮಿನ ಸ್ವಾನ್ ಕೆಟಲಿನಲ್ಲಿ ಅದು ನೀರಿಗಿಳಿಯಿತು. ಕುದಿದೊಡನೆ ತಾನಾಗಿ ಆರುವ ಕೆಟಲನ್ನು ರಸೆಲ್ ಹಾಬ್ಸ್ ತಂದದ್ದು 1955ರಲ್ಲಿ. ಇತ್ತ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಹೊರಟದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿಸಿದ್ದು 1905ರಲ್ಲಿ. ಚಿನ್ನ ತೆಗೆಯಲು ಹೊರಟಿದ್ದ ಶಕ್ತಿ ಈಗ ಒಂದು ಲೋಟ ಶುಂಠಿನೀರಿಗೂ ಒದಗುತ್ತದೆ ಎನ್ನುವುದು ನನಗೆ ಬಡ್ತಿಯಾಗಿಯೇ ಕಾಣುತ್ತದೆ.

ಲಾಭ ಕೇಳುವವರಿಗೂ ಉತ್ತರವಿದೆ. ಲೀಟರ್ ನೀರು ಕಾಯಲು ಯೂನಿಟ್ಟಿನ ಹತ್ತನೇ ಒಂದು ಪಾಲು ಕರೆಂಟು ಸಾಕು. ಆದರೆ ಹಾಲು ಮಾತ್ರ ಬೇಡ. ಉಕ್ಕುತ್ತದೆ, ತಳ ಹಿಡಿಯುತ್ತದೆ. ಬೋರ್‌ವೆಲ್ ಗಡಸುನೀರು ಬಿಟ್ಟುಹೋಗುವ ಬಿಳಿ ಪದರಕ್ಕೆ ನಿಂಬೆರಸ ಹಾಕಿ ಕುದಿಸಿದರಾಯಿತು. ಹಾಲಿಲ್ಲದ ಟೀ, ಜೀರಿಗೆ-ಕೊತ್ತಂಬರಿ ಕಷಾಯ, ಮಜ್ಜಿಗೆಹುಲ್ಲಿನ ಘಮ ಇವಕ್ಕೆಲ್ಲ ಕೆಟಲಿನ ನೀರು ಹೇಳಿ ಮಾಡಿಸಿದ್ದು.

ಆದರೂ ನನ್ನ ಶಿಫಾರಸು ಕುದಿಗಾಲಕ್ಕೇ. ಅಷ್ಟು ಹೊತ್ತು ಕಾವಲು ಕಾಯುವ ಕೆಲಸವನ್ನು ಕೆಟಲು ವಹಿಸಿಕೊಂಡಿರುತ್ತದೆ. ಇವತ್ತು ನೀರಿಟ್ಟಾಗ ಫೋನು ಕೈಗೆತ್ತಿಕೊಳ್ಳಬೇಡಿ. ಸುಮ್ಮನೆ ಪಕ್ಕದಲ್ಲಿ ನಿಂತು ಕೇಳಿ.