ಗೆಳತಿಗೊಂದು ಲ್ಯಾಪ್‌ಟಾಪ್

ಸಲಹೆ ಕೊಡುವವರಿಗೆ ನಮ್ಮ ಊರಿನಲ್ಲಿ ಯಾವ ಕಾಲಕ್ಕೂ ಬರಗಾಲ ಬಂದದ್ದಿಲ್ಲ. ಮಂಡಿನೋವು ಎಂದರೆ ಹತ್ತು ಎಣ್ಣೆಗಳ ಹೆಸರು ಹೇಳುತ್ತಾರೆ. ಮಗಳಿಗೆ ಗಂಡು ನೋಡುತ್ತಿದ್ದೇವೆ ಎಂದರೆ ಸಂಜೆಯೊಳಗೆ ನಾಲ್ಕು ಜಾತಕ ಮನೆಗೆ ಬಂದಿರುತ್ತವೆ. ಅದರಲ್ಲೂ ಟೀಚರಮ್ಮಂದಿರ ಪಾಡು ಕೇಳಬೇಡಿ. ನಮಗೆ ಎಲ್ಲವೂ ಗೊತ್ತಿರುತ್ತದೆ ಎಂದು ಜನ ನಂಬಿಬಿಟ್ಟಿದ್ದಾರೆ. ಆ ನಂಬಿಕೆ ಕೆಡಿಸಲು ನಮಗೂ ಮನಸ್ಸು ಬರುವುದಿಲ್ಲ! ಅರ್ಜಿ ಬರೆಯುವುದರಿಂದ ಹಿಡಿದು ಮೊಮ್ಮಗುವಿಗೆ ಹೆಸರಿಡುವವರೆಗೆ ನನ್ನನ್ನು ಕೇಳಿದವರಿದ್ದಾರೆ. ಆದರೆ ಯಾವ ಲ್ಯಾಪ್‌ಟಾಪ್ ಕೊಳ್ಳಲಿ ಎಂದು ಕೇಳಿದವಳು ನನ್ನ ಈ ಗೆಳತಿ ಒಬ್ಬಳೇ.

ನಾನು ಬಿ.ಎ., ಬಿ.ಇಡಿ. ಮಾಡಿದವಳು, ಪಾಠ ಹೇಳುವುದು ಸಮಾಜ ವಿಜ್ಞಾನ. ಕಂಪ್ಯೂಟರ್ ನನ್ನ ವಿಷಯವೇ ಅಲ್ಲ. ಆದರೆ ಶಾಲೆಯಲ್ಲಿ ಮಕ್ಕಳ ವಿವರಗಳನ್ನೆಲ್ಲ ಎಸ್‌ಎಟಿಎಸ್‌ನಲ್ಲಿ ತುಂಬುವ ಕೆಲಸ ಬಂದಾಗ ಎಲ್ಲರೂ ಮೆಲ್ಲಗೆ ಜಾರಿಕೊಂಡರು, ಅದು ನನ್ನ ತಲೆಗೆ ಬಂತು. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದ ಮೇಲೆ ಮನೆಯ ಊಟದ ಮೇಜೇ ತರಗತಿಯಾಯಿತು. ಹೊಳೆಗೆ ತಳ್ಳಿದವರು ಈಜು ಕಲಿಯುವ ಹಾಗೆ ನಾನೂ ಕಲಿತೆ. ಈಗ ಸ್ಟಾಫ್ ರೂಮಿನಲ್ಲಿ ಪ್ರಿಂಟರ್ ಮುನಿಸಿಕೊಂಡರೂ ನನ್ನನ್ನೇ ಕರೆಯುತ್ತಾರೆ.

ಗೆಳತಿಯ ಹೆಸರು ಬರೆದರೆ ಅವಳು ಜಗಳಕ್ಕೆ ಬರುತ್ತಾಳೆ, ಹಾಗಾಗಿ ಬರೆಯುವುದಿಲ್ಲ. ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಪಿಯುಸಿ ಆದ ಮೇಲೆ ನಾನು ಕಾಲೇಜಿಗೆ ಹೋದೆ, ಅವಳು ಟೈಪಿಂಗ್ ಕ್ಲಾಸಿಗೆ ಹೋಗಿ ಇಂಗ್ಲಿಷ್ ಜೂನಿಯರ್ ಪಾಸು ಮಾಡಿದಳು. ಅಷ್ಟರಲ್ಲಿ ಮದುವೆಯಾಯಿತು. ಮುಂದೆ ಮಗ ದೊಡ್ಡವನಾಗಿ ಬೆಂಗಳೂರು ಸೇರಿದ, ಯಜಮಾನರು ತೀರಿಕೊಂಡರು. ಇದೆಲ್ಲದರ ನಡುವೆ ಅವಳು ಬಿಡದೆ ಹಿಡಿದದ್ದು ನಮ್ಮೂರಿನ ಹೆಂಗಸರ ಸಹಕಾರ ಸಂಘವನ್ನು. 22 ವರ್ಷದಿಂದ ಅದರ ಲೆಕ್ಕ ಬರೆಯುತ್ತಿರುವವಳು ಅವಳೇ. ಸಂಬಳವೆಂದು ಹೇಳಿಕೊಳ್ಳುವಂಥದ್ದೇನೂ ಇಲ್ಲ. ನಗದು ಪುಸ್ತಕ, ಸಾಲದ ಲೆಡ್ಜರು, ಠರಾವು ಪುಸ್ತಕ ಎಲ್ಲದರಲ್ಲೂ ಮುತ್ತು ಪೋಣಿಸಿದಂಥ ಅವಳ ಅಕ್ಷರ.

ಆಗಿದ್ದಿಷ್ಟು. ಲೆಕ್ಕಪರಿಶೋಧನೆಗೆ ಬಂದವರು ಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ಮಾಡಿ ಇ-ಮೇಲಿನಲ್ಲಿ ಕಳಿಸಿ ಎಂದರು. ಇವಳು ಲೆಡ್ಜರನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಅಂಗಡಿಗೆ ಹೋಗತೊಡಗಿದಳು. ಇವಳು ಓದಿ ಹೇಳುವುದು, ಅಲ್ಲಿಯ ಹುಡುಗ ಟೈಪು ಮಾಡುವುದು. ಒಂದು ದಿನ ಹಿಂದೆ ನಿಂತ ಯಾರೋ, “ಓ, ಅವರ ಮನೆಯವರೂ ಸಾಲ ತಗೊಂಡಿದಾರಾ?” ಎಂದು ಕೇಳಿಯೇಬಿಟ್ಟರಂತೆ. ಮನೆಗೆ ಬಂದವಳು ಆ ರಾತ್ರಿ ಊಟ ಮಾಡಲಿಲ್ಲ.

ಸಂಘದ ಸಾಲ ಎಂದರೆ ಏನೆಂದು ನಿಮಗೆ ಗೊತ್ತಿರಬಹುದು. ಮಗಳ ಬಾಣಂತನಕ್ಕೆ ಎಂದು ತೆಗೆದುಕೊಂಡವರು, ಗಂಡನಿಗೆ ಗೊತ್ತಿಲ್ಲದೆ ಅಡವಿಟ್ಟ ಬಳೆ ಬಿಡಿಸಿಕೊಂಡವರು, ಮೂರು ಕಂತು ಬಾಕಿ ಉಳಿಸಿಕೊಂಡು ತಲೆ ತಗ್ಗಿಸಿ ಓಡಾಡುವವರು, ಎಲ್ಲರ ಗುಟ್ಟೂ ಅವಳ ಲೆಡ್ಜರಿನಲ್ಲಿದೆ. 22 ವರ್ಷದಲ್ಲಿ ಅದರ ಒಂದು ಸಾಲು ಅವಳ ಬಾಯಿಂದ ಹೊರಬಿದ್ದಿಲ್ಲ, ನನ್ನ ಹತ್ತಿರವೂ ಹೇಳಿಲ್ಲ. ಈಗ ಅದೆಲ್ಲ ಯಾರದೋ ಅಂಗಡಿಯ ಕಂಪ್ಯೂಟರಿನ ಹೊಟ್ಟೆಯಲ್ಲಿ! ಸಾಲದ್ದಕ್ಕೆ ಸಂಘದ ಸಭೆಯಲ್ಲಿ, “ಕಂಪ್ಯೂಟರ್ ಬಲ್ಲ ಹುಡುಗರನ್ನು ಯಾರನ್ನಾದರೂ ಇಟ್ಟುಕೊಂಡರಾಯಿತು, ಇವರಿಗೂ ವಯಸ್ಸಾಯಿತು” ಎಂಬ ಮಾತೂ ಬಂತು. ಅವಳು ಮೂರು ತಿಂಗಳ ಸಮಯ ಕೇಳಿ ಎದ್ದು ಬಂದಳು. ಅದೇ ವಾರ ಅವಳ ಚೀಟಿ ದುಡ್ಡು 45,000 ರೂಪಾಯಿ ಬಂದಿತ್ತು. ಇದು 2025ರ ಜೂನ್ ತಿಂಗಳ ಮಾತು.

“ಯಾವುದು ತಗೊಳ್ಲಿ ಹೇಳು ಮಾರಾಯ್ತಿ” ಎಂದಳು. “ಯಾವುದು ಅನ್ನೋದು ಆಮೇಲೆ. ಅದರಲ್ಲಿ ಏನೇನು ಕೆಲಸ ಮಾಡ್ತೀ, ಪಟ್ಟಿ ಬರಿ” ಎಂದೆ. ಸೀರೆ ಅಂಗಡಿಗೆ ಹೋಗುವ ಮುಂಚೆ ಮದುವೆಗೋ ಮನೆಯಲ್ಲಿ ಉಡುವುದಕ್ಕೋ ಎಂದು ನಿಶ್ಚಯ ಮಾಡಿಕೊಳ್ಳದೆ ಹೋದರೆ ಏನಾಗುತ್ತದೆ ಎನ್ನುವುದು ನಮಗೆಲ್ಲ ಗೊತ್ತಿದ್ದದ್ದೇ. ಅವಳು ಬರೆದಳು: ಲೆಕ್ಕದ ಪಟ್ಟಿಗಳು, ಕನ್ನಡದಲ್ಲಿ ನೋಟೀಸು ಮತ್ತು ಠರಾವು, ಇ-ಮೇಲು, ಬಿಡುವಾದಾಗ ಮೊಮ್ಮಗಳ ಮುಖ ನೋಡುವುದು. ನಾನು ಕೆಳಗೆ ಇನ್ನೆರಡು ಸೇರಿಸಿದೆ: ಕನ್ನಡಕ ಹಾಕಿದ ಕಣ್ಣು, ಮಳೆಗಾಲದ ಕರೆಂಟು.

ಈ ನಡುವೆ ಮಗನ ಫೋನು ಬಂತು. “ನಿಂಗ್ಯಾಕಮ್ಮ ಹೊಸದು? ನನ್ನ ಹಳೇದು ಸುಮ್ನೆ ಬಿದ್ದಿದೆ, ಕಳಿಸ್ತೀನಿ.” ಅವನು ಒಳ್ಳೆಯ ಹುಡುಗ, ಅಕ್ಕರೆಯಿಂದಲೇ ಹೇಳಿದ್ದು. ಆದರೆ ಅದು 2017ರಲ್ಲಿ ಕೊಂಡದ್ದು, ಇಂಟೆಲ್‌ನ ಏಳನೆಯ ತಲೆಮಾರಿನ ಪ್ರೊಸೆಸರ್, ಒಳಗೆ ವಿಂಡೋಸ್ 10. ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸುತ್ತೇವೆಂದು ಮೊದಲೇ ಹೇಳಿತ್ತು, ಹಾಗೆಯೇ ನಿಲ್ಲಿಸಿತು. ಆ ತಲೆಮಾರಿನ ಬಹುಪಾಲು ಯಂತ್ರಗಳನ್ನು ವಿಂಡೋಸ್ 11ಕ್ಕೆ ಕಂಪನಿ ಒಪ್ಪುವುದಿಲ್ಲ. ಸಿನಿಮಾ ನೋಡುವುದಕ್ಕಾದರೆ ಅಂಥದ್ದು ಸಾಕು. ನೂರಾರು ಹೆಂಗಸರ ಲೆಕ್ಕ ಇಡುವ ಪೆಟ್ಟಿಗೆಗೆ ಬೀಗ ಭದ್ರವಾಗಿರಬೇಕಲ್ಲ? ಇದನ್ನು ಅವನಿಗೆ ಹೇಳಿದಾಗ ತಕ್ಷಣ ಒಪ್ಪಿದ. ಗೆಳತಿಯ ಮನಸ್ಸಿನಲ್ಲಿದ್ದದ್ದು ಇನ್ನೊಂದು. “ಮದುವೆಯಾದಾಗಿಂದ ಬೇರೆಯವರು ಬಿಟ್ಟದ್ದನ್ನೇ ಬಳಸಿದೀನಿ. ಇದೊಂದು ನಂದು ಅಂತ ಇರ್ಲಿ” ಎಂದಳು. ಆ ಮಾತಿಗೆ ಯಾವ ಕಂಪನಿಯ ಸಮರ್ಥನೆಯೂ ಬೇಕಿರಲಿಲ್ಲ.

ಅಂಗಡಿಗೆ ಹೋಗುವ ಮುಂಚೆ ನಾಲ್ಕು ಶಬ್ದ ತಿಳಿದಿರಲಿ ಎಂದು ಅವಳ ಅಡುಗೆಮನೆಯಲ್ಲೇ ಕೂತು ಪಾಠ ಹೇಳಿದೆ. ಪ್ರೊಸೆಸರ್ ಎಂದರೆ ಮದುವೆ ಮನೆಯ ಅಡುಗೆಭಟ್ಟರು. ರ್‍ಯಾಮ್ ಎಂದರೆ ಅವರ ಮುಂದಿನ ಕಟ್ಟೆ. ಕಟ್ಟೆ ಅಗಲವಿದ್ದಷ್ಟೂ ಏಕಕಾಲಕ್ಕೆ ಹೆಚ್ಚು ಪಾತ್ರೆ ಹರಡಿಕೊಳ್ಳಬಹುದು. ಕೆಲಸ ಮುಗಿದು ಕರೆಂಟು ಹೋದರೆ ಕಟ್ಟೆ ಖಾಲಿ. ಉಳಿಯುವುದು ಉಗ್ರಾಣದಲ್ಲಿಟ್ಟದ್ದು ಮಾತ್ರ. ಹಿಂದಿನ ಉಗ್ರಾಣಕ್ಕೆ ಹಾರ್ಡ್ ಡಿಸ್ಕ್ ಎನ್ನುತ್ತಿದ್ದರು. ಗ್ರಾಮಫೋನ್ ತಟ್ಟೆಯಂತೆ ಒಳಗೆ ತಿರುಗುತ್ತಿತ್ತು. ಈಗಿನ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಆದ್ದರಿಂದ ಚುರುಕು, ಬಸ್ಸಿನ ಕುಲುಕಾಟಕ್ಕೂ ಅಷ್ಟು ಹೆದರಬೇಕಿಲ್ಲ. “ನಿನ್ನ ಲೆಕ್ಕಕ್ಕೆ ರ್‍ಯಾಮ್ 8 ಜಿಬಿ ಸಾಕು, ಆದರೆ ಹತ್ತು ವರ್ಷ ಬಾಳಬೇಕೆಂದರೆ 16 ಒಳ್ಳೆಯದು. ಎಸ್‌ಎಸ್‌ಡಿ 512 ಜಿಬಿ ಇದ್ದರೆ ಧಾರಾಳ. 22 ವರ್ಷದ ಪಟ್ಟಿಗಳನ್ನೆಲ್ಲ ತುಂಬಿದರೂ ಅದರ ಒಂದು ಮೂಲೆ ತುಂಬುವುದಿಲ್ಲ” ಎಂದೆ.

ಪ್ರೊಸೆಸರಿನ ಹೆಸರುಗಳಲ್ಲಿ ಐ3, ಐ5, ಐ7 ಎಂದು ಜಾತಿ ಇದೆ. ದೊಡ್ಡ ಅಂಕಿ ನೋಡಿ ಮರುಳಾಗಬಾರದು, ತಲೆಮಾರು ಕೇಳಬೇಕು. ಹನ್ನೆರಡನೆಯ ತಲೆಮಾರಿನ ಐ3, ಏಳನೆಯ ತಲೆಮಾರಿನ ಲ್ಯಾಪ್‌ಟಾಪ್ ಐ5ನ್ನು ಹಿಂದೆ ಹಾಕುತ್ತದೆ. ಇದು ಅವಳಿಗೆ ಬಹಳ ಹಿಡಿಸಿತು. “ನಮ್ಮ ಮನೆತನ ದೊಡ್ಡದು ಅನ್ನೋರ ಹಾಗೆ. ಈಗಿನವರು ಏನು ಮಾಡ್ತಿದಾರೆ ಅಂತ ಕೇಳ್ಬೇಕು” ಎಂದು ನಕ್ಕಳು.

ಒಂದು ಶನಿವಾರ ಮಧ್ಯಾಹ್ನ ಶಿವಮೊಗ್ಗಕ್ಕೆ ಹೋದೆವು. ಅಂಗಡಿಯ ಹುಡುಗ ಚೂಟಿಯಾಗಿದ್ದ. ನಾವು ಬಾಯಿ ತೆರೆಯುವ ಮೊದಲೇ ಕೀಲಿಗಳ ಅಡಿಯಲ್ಲಿ ಕೆಂಪು ನೀಲಿ ದೀಪ ಉರಿಯುವ 72,000 ರೂಪಾಯಿಯದನ್ನು ಮುಂದಿಟ್ಟು, “ಆಂಟಿ, ಇದು ಲೇಟೆಸ್ಟು. ತಿಂಗಳು ತಿಂಗಳು ಕಟ್ಟಬಹುದು” ಎಂದ. ಅದು ಹುಡುಗರು ಆಟವಾಡುವ ಯಂತ್ರ. ಒಳಗೆ ಚಿತ್ರಗಳಿಗೆಂದೇ ಬೇರೆ ಗ್ರಾಫಿಕ್ಸ್ ಕಾರ್ಡು, ಅದನ್ನು ತಣಿಸಲು ಫ್ಯಾನುಗಳು, ಬ್ಯಾಟರಿಯನ್ನು ಬೇಗ ತಿನ್ನುತ್ತದೆ, ಭಾರವೂ ಹೆಚ್ಚು. ನಾನು ಉತ್ತರ ಕೊಡುವ ಮೊದಲೇ ಗೆಳತಿ, “ಇದರಲ್ಲಿ ಅಂಕಿ ಒತ್ತಲಿಕ್ಕೆ ಪಕ್ಕದಲ್ಲಿ ಬೇರೆ ಕೀಲಿ ಇದೆಯಾ?” ಎಂದು ಕೇಳಿದಳು. ಹುಡುಗ ಸ್ವಲ್ಪ ತಬ್ಬಿಬ್ಬಾದ.

ಲೆಕ್ಕ ಬರೆಯುವವರಿಗೆ ಇದು ಮುಖ್ಯ. 14 ಅಂಗುಲದ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಅಂಕಿಗಳ ಪಟ್ಟಿ ಪಕ್ಕಕ್ಕೆ ಇರುವುದಿಲ್ಲ, 15.6 ಅಂಗುಲದ ಹಲವದರಲ್ಲಿ ಇರುತ್ತದೆ. ಪರದೆಯೂ ದೊಡ್ಡದು, ಕಣ್ಣಿಗೆ ಹಿತ. ಹೊಳೆಯುವ ಪರದೆಯಾದರೆ ಕಿಟಕಿಯ ಬೆಳಕು, ನಮ್ಮದೇ ಮುಖ ಎಲ್ಲ ಅದರಲ್ಲಿ ಕಾಣುತ್ತದೆ. ಮಂಕು ಮೈಯ ಪರದೆ ಮೇಲು. ಒಂದೂ ಮುಕ್ಕಾಲು ಕೆಜಿ ಆಗುತ್ತದೆ ಎಂದು ಹುಡುಗ ಎಚ್ಚರಿಸಿದ. 1981ರಲ್ಲಿ ಅಮೆರಿಕದಲ್ಲಿ ಹೊತ್ತೊಯ್ಯುವ ಕಂಪ್ಯೂಟರ್ ಎಂದು ಮಾರಿದ ಆಸ್‌ಬಾರ್ನ್ 1 ಎಂಬುದರ ತೂಕ ಸುಮಾರು 11 ಕೆಜಿ, ಪರದೆ 5 ಅಂಗುಲ! ಅದನ್ನು ಹೊತ್ತವರೂ ಇದ್ದರು. ಇವಳ ಲೆಡ್ಜರುಗಳೇ ಇದಕ್ಕಿಂತ ಭಾರ.

ಆ ಮೇಲೆ ನಡೆದದ್ದನ್ನು ನಾನು ಮರೆಯುವುದಿಲ್ಲ. ಮೂರು ಯಂತ್ರಗಳನ್ನು ಸಾಲಾಗಿ ಇಡಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಪರದೆಯ ಕಡೆ ನೋಡದೆ, ಎರಡೂ ಕೈಯ ಬೆರಳುಗಳನ್ನು ಕೀಲಿಗಳ ಮೇಲಿಟ್ಟು ಟೈಪು ಮಾಡತೊಡಗಿದಳು. ಮೂವತ್ತೈದು ವರ್ಷಕ್ಕಿಂತ ಹಿಂದೆ ಕಲಿತ ವಿದ್ಯೆ! ಮೊದಲು ತಡವರಿಸಿತು. ಆಮೇಲೆ ಮಳೆ ಹಿಡಿದ ಹಾಗೆ ಹತ್ತೂ ಬೆರಳು ಓಡಿದವು. ಹುಡುಗ ಬಿಟ್ಟ ಬಾಯಿ ಬಿಟ್ಟಂತೆ ನಿಂತ. ಅವನು ಎರಡು ಬೆರಳಿನವನು. ಆಮೇಲೆ ಅವನ ಬಾಯಲ್ಲಿ “ಆಂಟಿ” ಹೋಗಿ “ಮೇಡಂ” ಬಂತು. “ಮೊದಲನೇದು ಬೆರಳಿಗೆ ಗಟ್ಟಿ, ಮೂರನೇದು ಜಾರುತ್ತೆ. ನಡುವಿನದು ಇರ್ಲಿ” ಎಂದು ಅವಳೇ ತೀರ್ಪು ಕೊಟ್ಟಳು. ಕೀಲಿಮಣೆಯ ವಿಷಯದಲ್ಲಿ ನನ್ನ ಸಲಹೆಗೆ ಅಲ್ಲಿ ಜಾಗವೇ ಇರಲಿಲ್ಲ.

ನಾನು ಕೇಳಿದ್ದು ಉಳಿದ ಪ್ರಶ್ನೆಗಳನ್ನು. ವಿಂಡೋಸ್ ಅಸಲಿಯೇ? ಆಫೀಸ್ ಎಂದು ಬರೆದಿದೆಯಲ್ಲ, ಅದು ಶಾಶ್ವತವೋ, ವರ್ಷವಾದ ಮೇಲೆ ದುಡ್ಡು ಕಟ್ಟಬೇಕೋ? (ಕಟ್ಟಲು ಮನಸ್ಸಿಲ್ಲದಿದ್ದರೆ ಲಿಬ್ರೆ ಆಫೀಸ್ ಎಂಬುದು ಉಚಿತವಾಗಿ ಸಿಗುತ್ತದೆ, ಲೆಕ್ಕದ ಪಟ್ಟಿಗೆ ಚೆನ್ನಾಗಿಯೇ ಇದೆ.) ರಿಪೇರಿ ಕೇಂದ್ರ ಶಿವಮೊಗ್ಗದಲ್ಲೇ ಇದೆಯೋ, ಬೆಂಗಳೂರಿಗೆ ಕಳಿಸಬೇಕೋ? ಕೆಳಗೆ ಬಿದ್ದರೆ, ನೀರು ಚೆಲ್ಲಿದರೆ ವಾರಂಟಿ ಬರುತ್ತದೆಯೋ? ಈ ಕೊನೆಯದಕ್ಕೆ ಸಾಮಾನ್ಯವಾಗಿ ಇಲ್ಲ ಎಂಬುದೇ ಉತ್ತರ, ಅದಕ್ಕೆ ಬೇರೆ ಹಣ ಕಟ್ಟಬೇಕು. ಕಾಫಿ ಲೋಟ ಮೇಜಿನಿಂದ ದೂರ ಇಡುವುದು ಅದಕ್ಕಿಂತ ಅಗ್ಗ.

16 ಜಿಬಿ ರ್‍ಯಾಮ್ ಹಾಕಿಸಿ, ಜಿಎಸ್‌ಟಿ ಸೇರಿ 41,500 ರೂಪಾಯಿ. ಉಳಿದದ್ದರಲ್ಲಿ ಒಂದು ಮೌಸು, ಚೀಲ, ಎರಡು ಪೆನ್‌ಡ್ರೈವು. ಬಿಲ್ಲಿನಲ್ಲಿ ಯಂತ್ರದ ಕ್ರಮಸಂಖ್ಯೆ ಸರಿಯಿದೆಯೇ ಎಂದು ಅವಳು ಡಬ್ಬಿಯ ಜೊತೆ ಹೋಲಿಸಿ ನೋಡಿಯೇ ದುಡ್ಡು ಎಣಿಸಿದಳು. ಅದೇ ವರ್ಷದ ಕೊನೆಗೆ ಮೆಮೊರಿ ಚಿಪ್ಪುಗಳ ಬೆಲೆ ಏರಿದ ಸುದ್ದಿ ಬಂದಾಗ ಫೋನು ಮಾಡಿ, ಚಿನ್ನ ಅಗ್ಗವಿದ್ದಾಗ ಕೊಂಡವರ ದನಿಯಲ್ಲಿ ಮಾತಾಡಿದಳು.

ಮನೆಗೆ ತಂದು ತೆರೆದ ರಾತ್ರಿ ಹತ್ತು ಗಂಟೆಗೆ ನನ್ನ ಫೋನು ಬಡಿದುಕೊಂಡಿತು. “ಮೋಸ ಆಗಿದೆ ಕಣೇ! 512 ಅಂತ ಬಿಲ್ಲಿದೆ, ಒಳಗೆ 476 ಅಂತ ತೋರಿಸ್ತಿದೆ. 36 ಎಲ್ಲಿ ಹೋಯ್ತು?” ಲೆಕ್ಕದವಳ ಕಣ್ಣಿಗೆ ಬಿದ್ದದ್ದು ಅದು! ನಮ್ಮಲ್ಲಿ ಎಷ್ಟು ಜನ ನೋಡುತ್ತೇವೆ ಹೇಳಿ? ಮೋಸವೇನಲ್ಲ. ಮಾರುವವರು ಸಾವಿರಕ್ಕೊಂದು ಮೆಟ್ಟಿಲಿನಂತೆ ಎಣಿಸುತ್ತಾರೆ, ವಿಂಡೋಸ್ 1024ಕ್ಕೊಂದು ಮೆಟ್ಟಿಲಿನಂತೆ ಎಣಿಸುತ್ತದೆ. ಅಕ್ಕಿ ಅದೇ, ಅಳೆಯುವ ಸೇರು ಬೇರೆ. ಕಾಗದದಲ್ಲಿ ಗುಣಿಸಿ ಭಾಗಿಸಿ ಸರಿಹೊಂದಿದ ಮೇಲೆಯೇ ಮಲಗಿದಳಂತೆ.

ಕನ್ನಡದ್ದು ಇನ್ನೊಂದು ಕಥೆ. ಸೈಬರ್ ಅಂಗಡಿಯ ಹುಡುಗ ಹಳೆಯ ಅಕ್ಷರಶೈಲಿಯಲ್ಲಿ ಮಾಡಿಕೊಟ್ಟ ನೋಟೀಸುಗಳು ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಂಡವು. ಆ ಶೈಲಿ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡ. ಯುನಿಕೋಡ್‌ನಲ್ಲಿ ಬರೆದರೆ ಆ ತಾಪತ್ರಯವಿಲ್ಲ, ಎಲ್ಲಿ ತೆರೆದರೂ, ಮೊಬೈಲಿನಲ್ಲೂ, ಕನ್ನಡ ಕನ್ನಡವೇ. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿರುವುದು ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆ. ಇಂಗ್ಲಿಷಿನ ಕೆ ಒತ್ತಿದರೆ ಕ, ಎಂ ಒತ್ತಿದರೆ ಮ. ಇಂಗ್ಲಿಷ್ ಟೈಪಿಂಗ್ ಬಂದವರ ಬೆರಳಿಗೆ ಎರಡು ವಾರದ ಕೆಲಸ. ಅವಳಿಗೆ ಒಂಬತ್ತು ದಿನ ಸಾಕಾಯಿತು.

ಕೊನೆಯ ಪಾಠ ಬೀಗದ್ದು. ಗುಪ್ತಪದ ಮೊಮ್ಮಗಳ ಹೆಸರಾಗಬಾರದು, ಚೀಟಿ ಬರೆದು ಯಂತ್ರದ ಅಡಿ ಅಂಟಿಸಬಾರದು. ಪ್ರತಿ ಶನಿವಾರ ಎಲ್ಲ ಪಟ್ಟಿಗಳ ನಕಲು ಒಂದು ಪೆನ್‌ಡ್ರೈವಿಗೆ, ತಿಂಗಳಿಗೊಮ್ಮೆ ಎರಡನೆಯದಕ್ಕೆ. ಆ ಎರಡನೆಯದು ಸಂಘದ ಕಬ್ಬಿಣದ ಬೀರುವಿನಲ್ಲಿ. ಆಷಾಢದ ಮಳೆಗೆ ಎರಡು ದಿನ ಕರೆಂಟು ಹೋದಾಗ ಬ್ಯಾಟರಿ ಅವಳನ್ನು ಮಧ್ಯಾಹ್ನದವರೆಗೆ ದಾಟಿಸಿತು. ಆಮೇಲೆ ಮೊದಲಿನ ಹಾಗೆ ಲೆಡ್ಜರು, ಪೆನ್ನು. ಆ ವರ್ಷ ಪೂರ್ತಿ ಪುಸ್ತಕವನ್ನೂ ಬರೆದಳು, ಪರದೆಯನ್ನೂ ತುಂಬಿದಳು, ರಾತ್ರಿ ಕೂತು ಎರಡನ್ನೂ ತಾಳೆ ನೋಡಿದಳು.

ಸೆಪ್ಟೆಂಬರಿನ ವಾರ್ಷಿಕ ಸಭೆಗೆ ಜಮಾ ಖರ್ಚಿನ ಪಟ್ಟಿ ಅವಳ ಮನೆಯಲ್ಲೇ ತಯಾರಾಯಿತು. ಯಾರ ಸಾಲ ಎಷ್ಟು ಎಂಬುದು ಯಾವ ಅಂಗಡಿಯ ಬಾಗಿಲನ್ನೂ ಕಾಣಲಿಲ್ಲ. ಹೊಸ ಹುಡುಗರನ್ನು ಇಡುವ ಮಾತನ್ನು ಯಾರೂ ಎತ್ತಲಿಲ್ಲ, ಹೊಗಳಿದವರೂ ಯಾರಿಲ್ಲ. ನಮ್ಮೂರಿನಲ್ಲಿ ಹೊಗಳುವ ಪದ್ಧತಿ ಇಲ್ಲ. ಸಭೆ ಮುಗಿದು ಉಪ್ಪಿಟ್ಟು ತಿನ್ನುವಾಗ ವಯಸ್ಸಾದ ಸದಸ್ಯೆಯೊಬ್ಬರು ಅವಳ ಹತ್ತಿರ ಬಂದು, ಆ ಪೆಟ್ಟಿಗೆಯಲ್ಲಿ ತಮ್ಮ ಹೆಸರೂ ಇದೆಯಾ ಎಂದು ಮೆಲ್ಲಗೆ ಕೇಳಿದರಂತೆ. “ಇದೆ ಅತ್ತೆ. ಕೀಲಿ ನನ್ನ ಹತ್ರ ಮಾತ್ರ ಇದೆ” ಎಂದಳಂತೆ ಇವಳು.