ಹಿನ್ನೀರಿನ ಹಂಸಗಳು

ಮಳೆಯ ಮೋಡವನ್ನೇ ನೆಚ್ಚಿ ಬದುಕುವ ಕುಷ್ಟಗಿ, ಯಲಬುರ್ಗೆಗಳ ಬಯಲನ್ನು ಕಂಡು ಬೇಸತ್ತ ಕಣ್ಣಿಗೆ, ಎಡದಂಡೆ ಕಾಲುವೆಯ ಕೃಪೆಯಿಂದ ಹಸುರಾದ ಗಂಗಾವತಿಯ ಗದ್ದೆಗಳಲ್ಲಿ ಟ್ರ್ಯಾಕ್ಟರಿನ ಹಿಂದೆ ನಡೆಯುವ ಬೆಳ್ಳಕ್ಕಿಗಳ ಸಾಲೇ ಒಂದು ಮಹೋತ್ಸವವಾಗಿ ತೋರುವುದುಂಟು. ಆದರೆ ಜಲಪಕ್ಷಿಗಳ ನಿಜವಾದ ಆಸ್ಥಾನವನ್ನು ನೋಡಬೇಕೆನ್ನುವವರು, ಮಾಘದ ಚಳಿಯಲ್ಲಿ ಶಾಲು ಹೊದ್ದು ಮುನಿರಾಬಾದಿನ ಕಡೆಗೆ ಹೋಗಿ, 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನ ಅಂಚಿನಲ್ಲಿ ಸದ್ದಿಲ್ಲದೆ ಕುಳಿತುಕೊಳ್ಳಬೇಕು.

ನಾನೂ ಬಣ್ಣದ ಪೆಟ್ಟಿಗೆಯೊಡನೆ ಹಾಗೆ ಕುಳಿತವನೇ. ನೀರುಕಾಗೆ ನನ್ನ ಮೇಲೆ ದಯೆ ತೋರಿ, ರೆಕ್ಕೆ ಹರವಿಕೊಂಡು ಕೊರಡಿನ ಮೇಲೆ ಬಹಳ ಹೊತ್ತು ನಿಂತಿತು. ಮಿಂಚುಳ್ಳಿಗೆ ಅಷ್ಟು ಸೌಜನ್ಯವಿರಲಿಲ್ಲ. ಅಷ್ಟರಲ್ಲಿ ಆಕಾಶದಿಂದ ಗೊಗ್ಗರು ದನಿಯಲ್ಲಿ ಹರಟುತ್ತ ಇಳಿದುವು ಪಟ್ಟೆತಲೆ ಹೆಬ್ಬಾತುಗಳು. ಮಂಗೋಲಿಯಾ, ಟಿಬೆಟ್ಟುಗಳ ಸರೋವರಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ, ಪಕ್ಕದ ಗದಗ ಸೀಮೆಯ ಮಾಗಡಿ ಕೆರೆಗೂ ನಮ್ಮ ಈ ಹಿನ್ನೀರಿಗೂ ಚಳಿಗಾಲ ಕಳೆಯಲು ಬರುವ ಈ ಅತಿಥಿಗಳೇ ಕವಿಗಳ ಹಂಸವೆಂದು ಹೇಳುವ ಪಂಡಿತರುಂಟು. ಡಚ್ ವಿದ್ವಾಂಸ ಫೋಗೆಲ್ ಎಂಬಾತನು ಭಾರತೀಯ ಸಾಹಿತ್ಯ ಮತ್ತು ಕಲೆಗಳಲ್ಲಿನ ಹೆಬ್ಬಾತನ್ನು ಕುರಿತು ಒಂದು ಗ್ರಂಥವನ್ನೇ ಬರೆದನು; ಅದು 1962ರಲ್ಲಿ ಪ್ರಕಟವಾಯಿತು. ಹಾಲನ್ನೂ ನೀರನ್ನೂ ಬೇರ್ಪಡಿಸುವ ವಿವೇಕವನ್ನು ನಾನು ಕಾಣೆನು. ರೈತನ ಎಳೆಯ ಪೈರನ್ನು ಕಳೆಯಿಂದ ಬೇರ್ಪಡಿಸಿ ಮೇಯುವ ಜಾಣತನ ಮಾತ್ರ ಇದೆಯೆಂದು ಆಚೆ ಹೊಲದವರು ಹೇಳುತ್ತಾರೆ. ಹಳದಿ ಕೊಕ್ಕು, ಬಿಳಿಯ ತಲೆ, ಹಿಂದಲೆಯ ಮೇಲೆ ಕಾಡಿಗೆಯಲ್ಲಿ ಎಳೆದಂಥ ಅಡ್ಡಪಟ್ಟಿಗಳು, ಕಪ್ಪು ಕೊರಳ ಇಕ್ಕೆಲದಲ್ಲಿ ಇಳಿಯುವ ಬಿಳಿಯ ಗೆರೆ: ಇಷ್ಟನ್ನು ಕಾಗದಕ್ಕಿಳಿಸಿ, ಕೃತಾರ್ಥನಾದೆನೆಂಬ ಭಾವದಿಂದ, ಅದನ್ನು ಕಿನ್ನಾಳಕ್ಕೆ ಕೊಂಡೊಯ್ದೆನು.

ವಿಜಯನಗರದ ಕಾಲದಿಂದ ಬಂದುದೆನ್ನುವ ಕಸುಬಿನ ಊರದು. ಹಗುರವಾದ ಪೊಣಕಿ ಮರವನ್ನು ಕೆತ್ತಿ, ಸೆಣಬು, ಮರದ ಹೊಟ್ಟು, ಹುಣಸೆಬೀಜದ ಅಂಟುಗಳನ್ನು ಅರೆದು ಕಲಸಿದ ಕಿಟ್ಟದಿಂದ ತುಂಡುಗಳನ್ನು ಬೆಸೆದು, ಮೇಲೆ ಅರಿವೆ ಅಂಟಿಸಿ, ಬೆಣಚುಕಲ್ಲಿನ ಪುಡಿ ಬಳಿದು, ಆಮೇಲೆ ಬಣ್ಣಕ್ಕೆ ಕೈಹಾಕುವ ಚಿತ್ರಗಾರರ ಮನೆಯಲ್ಲಿ ವಯಸ್ಸಾದವರೊಬ್ಬರು ನನ್ನ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು.

“ಹಂಸಕ್ಕ ಕೊಳ್ಳು ಬಳುಕಬೇಕ್ರೀ ಸರ, ಮ್ಯಾಲ ಜುಟ್ಟ ಇರಬೇಕು. ಇದು ಬಾತುಕೋಳಿ ಆತಲ್ರೀ.”

ಇದೇ ಹಂಸವೆಂದು ನಾನು ಪಂಡಿತರ ಪಕ್ಷವನ್ನು ಮಂಡಿಸಿದೆನು. ಅವರು ವಾದಿಸಲಿಲ್ಲ, ಅರ್ಧ ಕೆತ್ತಿದ ಪೊಣಕಿಯ ತುಂಡೊಂದನ್ನು ತೊಡೆಯ ಮೇಲಿಟ್ಟುಕೊಂಡು, ಸೀಸದಕಡ್ಡಿಯಿಂದ ನನ್ನ ಹಕ್ಕಿಯ ತಲೆಯನ್ನು ಗುರುತುಮಾಡತೊಡಗಿ, ನಡುವೆ ನಿಲ್ಲಿಸಿ ಕೇಳಿದರು:

“ಹಿಂದ ಪಟ್ಟಿ ಎರಡೇನ್ರೀ, ಮೂರ? ನೀವು ಇಲ್ಲಿ ಎರಡ ಬರದೀರಿ, ಅಲ್ಲಿ ಮೂರ ಬರದೀರಿ.”

ಮರುದಿನ ಬೆಳಗಿನ ಜಾವ ನಾನು ಮತ್ತೆ ಮುನಿರಾಬಾದಿನ ಬಸ್ಸು ಹಿಡಿದೆನು. ಎರಡೇ.